ಅಂಗವೈಕಲ್ಯ ವಿಮೆಯ ಕ್ಲೇಮು ತಿರಸ್ಕೃತವಾದಾಗ: ಉಡುಪಿ, ದಕ್ಷಿಣ ಕನ್ನಡದ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ವಿಮಾ ಕಂಪನಿಯ ತಿರಸ್ಕಾರ ಪತ್ರ ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸವೆಂದರೆ, ಲಕೋಟೆಯನ್ನು ಎಸೆಯದೆ ಅದು ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದು ಪತ್ರದ ಜೊತೆ ಇರಿಸಿಕೊಳ್ಳುವುದು. ಇ-ಮೇಲ್‌ನಲ್ಲಿ ಬಂದಿದ್ದರೆ ಮುದ್ರಿಸಿಡಬೇಕು. ಫೋನಿನಲ್ಲಿ ಮಾತ್ರ 'ಆಗುವುದಿಲ್ಲ' ಎಂದಿದ್ದರೆ, ಕಾರಣವನ್ನು ಲಿಖಿತವಾಗಿ ತಿಳಿಸುವಂತೆ ಅಂದೇ ಪತ್ರ ಬರೆಯಬೇಕು. ಮುಂದಿನ ಎಲ್ಲ ಕಾಲಮಿತಿಗಳ ಲೆಕ್ಕಕ್ಕೂ ಈ ದಿನಾಂಕ ಬೇಕಾಗುತ್ತದೆ.

ಬಿದ್ದದ್ದು ನಿಜ, ಪ್ರೀಮಿಯಂ ಕಟ್ಟಿದ್ದು ನಿಜ, ಆದ್ದರಿಂದ ಹಣ ಸಿಗಲೇಬೇಕು ಎಂಬ ನಂಬಿಕೆಯಿಂದ ಹೋರಾಟಕ್ಕಿಳಿದು ಸೋತ ಕುಟುಂಬಗಳು ನಮ್ಮ ನಡುವೆ ಇವೆ. ಅವರ ಸಂಕಟ ಸುಳ್ಳಾಗಿರಲಿಲ್ಲ. ಆದರೆ ಇಂತಹ ವ್ಯಾಜ್ಯ ತೀರ್ಮಾನವಾಗುವುದು ಪಾಲಿಸಿಯ ಒಂದು ವಾಕ್ಯ ಮತ್ತು ಆಸ್ಪತ್ರೆಯ ಕಾಗದಗಳ ನಡುವಿನ ಹೊಂದಾಣಿಕೆಯ ಮೇಲೆ. ಆ ವಾಕ್ಯ ಯಾವುದೆಂದು ಗುರುತಿಸಿ, ಅದಕ್ಕೆ ತಕ್ಕ ಸಾಕ್ಷ್ಯವನ್ನು ಕಾಲಮಿತಿಯೊಳಗೆ ಸರಿಯಾದ ಕಚೇರಿಯ ಮುಂದೆ ಇಡುವುದು ಹೇಗೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಲಾಗಿದೆ.

ವಿವರಣೆ ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಕಾರ್ಕಳ ತಾಲೂಕಿನ 42 ವರ್ಷದ ಕೃಷಿ ಕಾರ್ಮಿಕರೊಬ್ಬರು ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಏರಿದಾಗ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರು ಎಂದುಕೊಳ್ಳಿ. ಎರಡೂ ಕಾಲುಗಳಿವೆ, ಆದರೆ ಬಲವಿಲ್ಲ. ವಾಕರ್ ಹಿಡಿದು ಅಂಗಳದವರೆಗೆ ಮಾತ್ರ ನಡೆಯಬಲ್ಲರು. ಅವರಿಗೆ 10 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯಿತ್ತು. ಸರಕಾರಿ ಪ್ರಮಾಣಪತ್ರದಲ್ಲಿ ವೈಕಲ್ಯ ಶೇಕಡಾ 60 ಎಂದಿರುವುದರಿಂದ ಇದು 'ಪೂರ್ಣ' ಅಂಗವೈಕಲ್ಯವಲ್ಲ ಎಂದು ಕಂಪನಿ ಕ್ಲೇಮನ್ನು ತಿರಸ್ಕರಿಸಿದೆ.

ಮೊದಲ ಹೆಜ್ಜೆ: ಇರುವ ವಿಮೆಗಳನ್ನೆಲ್ಲ ಹುಡುಕಿ ತೆಗೆಯಿರಿ

ತಿರಸ್ಕಾರವಾದ ಪಾಲಿಸಿಯೊಂದನ್ನೇ ನೋಡುತ್ತ ಕೂರಬಾರದು. ಬ್ಯಾಂಕುಗಳ ತವರೂರಾದ ನಮ್ಮ ಜಿಲ್ಲೆಗಳಲ್ಲಿ ಪಾಸ್‌ಬುಕ್ಕೇ ಮೊದಲ ದಾಖಲೆ. ವಿಜಯ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದ ಕಾರಣ, ಹಳೆಯ ಪುಸ್ತಕವನ್ನೂ ಹೊಸ ಖಾತೆಯ ಸ್ಟೇಟ್‌ಮೆಂಟನ್ನೂ ಒಟ್ಟಿಗೆ ಇಟ್ಟು ನೋಡಬೇಕು. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯದಾಗಿರುವ ಸಾಧ್ಯತೆ ಹೆಚ್ಚು. 2022ರ ಜೂನ್‌ಗೆ ಮೊದಲು ಆ ಮೊತ್ತ 12 ರೂಪಾಯಿ ಇತ್ತು. ಇದರಲ್ಲಿ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ಸಿಗುತ್ತದೆ.

ಮಲ್ಪೆ, ಗಂಗೊಳ್ಳಿ ಅಥವಾ ಮಂಗಳೂರು ದಕ್ಕೆಯ ಮೀನುಗಾರರಾದರೆ ಮತ್ಸ್ಯ ಸಂಪದಾ ಯೋಜನೆಯ ಗುಂಪು ಅಪಘಾತ ವಿಮೆಯನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ಅದರಲ್ಲಿ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ ರೂಪಾಯಿ ಇದೆ. ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆದು ಗಲ್ಫಿಗೆ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಡಿ 10 ಲಕ್ಷ ರೂಪಾಯಿಯ ರಕ್ಷಣೆ ಇರುತ್ತದೆ. ಜೀವ ವಿಮೆಯ ಬಾಂಡಿನ ಹಿಂದೆ ಅಂಗವೈಕಲ್ಯದ ರೈಡರ್ (ಮೂಲ ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ) ಇದೆಯೇ, ಉದ್ಯೋಗದಾತರು ಗುಂಪು ಪಾಲಿಸಿ ಮಾಡಿಸಿದ್ದರೇ ಎಂಬುದನ್ನೂ ಕೇಳಿ. ಗುಂಪು ಪಾಲಿಸಿಯ ಮೂಲ ಪ್ರತಿ ಉದ್ಯೋಗದಾತರ ಬಳಿ ಇರುವುದರಿಂದ ಅದರ ನಕಲನ್ನು ಲಿಖಿತವಾಗಿಯೇ ಕೇಳಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕರ ದಾರಿ ಬೇರೆಯೇ ಇದೆ: ಅಲ್ಲಿ ವೈಕಲ್ಯದ ಪ್ರಮಾಣವನ್ನು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ, ಅದರ ಮೇಲ್ಮನವಿಯೂ ಇಎಸ್‌ಐ ವ್ಯವಸ್ಥೆಯೊಳಗೇ ನಡೆಯುತ್ತದೆ.

ಎರಡನೆಯ ಹೆಜ್ಜೆ: ಪಾಲಿಸಿಯ ವ್ಯಾಖ್ಯೆಯನ್ನು ಅಕ್ಷರಶಃ ಓದಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಹೆಜ್ಜೆಗೆ. ಏಜೆಂಟರು ಕೊಟ್ಟ ಒಂದು ಪುಟದ ಪ್ರಮಾಣಪತ್ರ ಸಾಲದು. ಷರತ್ತುಗಳಿರುವ ಪೂರ್ಣ ಪುಸ್ತಿಕೆ ಬೇಕು. ಅದರಲ್ಲಿ ಅಂಗವೈಕಲ್ಯದ ವ್ಯಾಖ್ಯೆ, ವಿನಾಯಿತಿಗಳು (ಪರಿಹಾರ ಸಿಗದ ಸಂದರ್ಭಗಳು) ಮತ್ತು ಪರಿಹಾರದ ಕೋಷ್ಟಕ ಎಂಬ ಮೂರು ಭಾಗಗಳನ್ನು ಗುರುತು ಹಾಕಿಕೊಳ್ಳಿ.

ಕೆಲವು ಪಾಲಿಸಿಗಳು 'ಅಂಗ ನಷ್ಟ'ವೆಂದರೆ ಮಣಿಕಟ್ಟಿನ ಅಥವಾ ಕಣಕಾಲಿನ ಮೇಲ್ಭಾಗದಲ್ಲಿ ಅಂಗ ಬೇರ್ಪಟ್ಟಿರಬೇಕು ಎನ್ನುತ್ತವೆ. ಬೇರೆ ಕೆಲವು, ಅಂಗವು ದೇಹದಲ್ಲೇ ಇದ್ದರೂ ಅದರ ಬಳಕೆ ಸಂಪೂರ್ಣವಾಗಿ ಹಾಗೂ ಶಾಶ್ವತವಾಗಿ ನಿಂತಿದ್ದರೆ ಸಾಕು ಎನ್ನುತ್ತವೆ. ಸುರಕ್ಷಾ ಬಿಮಾ ಯೋಜನೆಯ ನಿಯಮದಲ್ಲಿ ಎರಡೂ ಕೈ ಅಥವಾ ಎರಡೂ ಪಾದಗಳ 'ಬಳಕೆಯ ನಷ್ಟ' ಎಂಬ ಮಾತೇ ಇದೆ. ಇನ್ನೊಂದು ಬಗೆಯ ವ್ಯಾಖ್ಯೆ ದುಡಿಮೆಗೆ ಸಂಬಂಧಿಸಿದ್ದು: ವಿಮೆದಾರರು ಇನ್ನು ಮುಂದೆ ಯಾವ ಉದ್ಯೋಗವನ್ನೂ ಮಾಡಲಾಗದ ಸ್ಥಿತಿ ತಲುಪಿರಬೇಕು. ಹೀಗಾಗಿ ಒಂದೇ ದೇಹಕ್ಕೆ ಒಂದು ಪಾಲಿಸಿಯಲ್ಲಿ 'ಹೌದು', ಮತ್ತೊಂದರಲ್ಲಿ 'ಇಲ್ಲ' ಎಂಬ ಉತ್ತರ ಬರಲು ಸಾಧ್ಯವಿದೆ. ಒಂದು ಕಂಪನಿ ಕೊಟ್ಟಿತು ಎಂಬ ಕಾರಣಕ್ಕೆ ಇನ್ನೊಂದು ಕೊಡಬೇಕೆಂದು ವಾದಿಸುವುದರಿಂದ ಪ್ರಯೋಜನವಾಗದು.

ನಮ್ಮ ಉದಾಹರಣೆಯ ಪಾಲಿಸಿಯಲ್ಲಿ 'ಯಾವುದೇ ಉದ್ಯೋಗ ಮಾಡಲಾಗದ ಶಾಶ್ವತ ಸ್ಥಿತಿ' ಎಂದಿದ್ದು, ಶೇಕಡಾವಾರಿನ ಉಲ್ಲೇಖವೇ ಇಲ್ಲದಿದ್ದರೆ, ಕಂಪನಿಯ ಕಾರಣ ಅಲ್ಲಿಯೇ ಸಡಿಲಾಗುತ್ತದೆ. ಸರಕಾರಿ ಪ್ರಮಾಣಪತ್ರದ 60 ಎಂಬ ಅಂಕಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿಯ ಮಾರ್ಗಸೂಚಿಯಂತೆ ಮಾಡಿದ ದೈಹಿಕ ಮಾಪನವೇ ಹೊರತು ಪಾಲಿಸಿಯ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬರು ಬಡಗಿಯ ಕೆಲಸಕ್ಕೆ ಸಂಪೂರ್ಣ ಅಸಮರ್ಥರೆಂದು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ್ತು. ಆದರೆ ಅದು ಕಾರ್ಮಿಕರ ಪರಿಹಾರ ಕಾಯ್ದೆಯಡಿಯ ತೀರ್ಪು ಎಂಬುದನ್ನು ಮರೆಯಬಾರದು. ದೈಹಿಕ ಶೇಕಡಾವಾರು ಬೇರೆ, ದುಡಿಮೆಯ ನಷ್ಟ ಬೇರೆ ಎಂದು ತೋರಿಸಲು ಅದು ನೆರವಾಗುತ್ತದೆ. ಪಾಲಿಸಿಯ ಭಾಷೆಯನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ. ಪಾಲಿಸಿ 'ಯಾವುದೇ ಉದ್ಯೋಗ' ಎಂದಿರುವಾಗ, ಮರ ಏರಲಾಗುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಅವರ ವಿದ್ಯಾಭ್ಯಾಸ, ವಯಸ್ಸು ಮತ್ತು ದೇಹಸ್ಥಿತಿಯಲ್ಲಿ ಕುಳಿತು ಮಾಡುವ ಕೆಲಸವೂ ಏಕೆ ಸಾಧ್ಯವಿಲ್ಲ ಎಂಬುದನ್ನೂ ತೋರಿಸಬೇಕು.

ವ್ಯಾಖ್ಯೆಯೊಳಗೆ ಅಡಗಿರುವ ಅವಧಿಯನ್ನೂ ಗಮನಿಸಿ. ಅಪಘಾತವಾಗಿ 12 ತಿಂಗಳೊಳಗೆ ವೈಕಲ್ಯ ಉಂಟಾಗಿರಬೇಕೆಂದು ಅನೇಕ ಅಪಘಾತ ಪಾಲಿಸಿಗಳು, 180 ದಿನಗಳೊಳಗೆ ಎಂದು ಕೆಲವು ಜೀವ ವಿಮಾ ರೈಡರ್‌ಗಳು ಹೇಳುತ್ತವೆ. ಪೂರ್ಣ ವೈಕಲ್ಯ ಸಾಬೀತಾಗದಿದ್ದರೆ ಭಾಗಶಃ ವೈಕಲ್ಯದ ಕೋಷ್ಟಕದಂತೆ ಅಥವಾ ತಾತ್ಕಾಲಿಕ ಅಸಾಮರ್ಥ್ಯದ ವಾರದ ಪರಿಹಾರದಂತೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಪರ್ಯಾಯ ಬೇಡಿಕೆಯಾಗಿ ಸೇರಿಸಬೇಕು. ಉದಾಹರಣೆಗೆ, 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳು ನೀಡಬೇಕಾದ 'ಸರಳ ಸುರಕ್ಷಾ ಬಿಮಾ' ಪಾಲಿಸಿಯಲ್ಲಿ, ಐಚ್ಛಿಕ ರಕ್ಷಣೆ ತೆಗೆದುಕೊಂಡಿದ್ದರೆ, ವಾರಕ್ಕೆ ವಿಮಾ ಮೊತ್ತದ ಶೇಕಡಾ 0.2ರಂತೆ ಗರಿಷ್ಠ 100 ವಾರ ಪರಿಹಾರವಿದೆ. ಪರ್ಯಾಯ ಬೇಡಿಕೆ ಇಡದವರು ಎಲ್ಲವನ್ನೂ ಕೇಳಿ ಏನೂ ಇಲ್ಲದೆ ಮರಳುವ ಅಪಾಯವಿರುತ್ತದೆ.

ಮೂರನೆಯ ಹೆಜ್ಜೆ: ತಿರಸ್ಕಾರದ ಕಾರಣವನ್ನು ಬಿಡಿಸಿ ನೋಡಿ

ಕಂಪನಿ ಪತ್ರದಲ್ಲಿ ಬರೆದ ಕಾರಣಕ್ಕೆ ಅದು ಬದ್ಧವಾಗಿರಬೇಕು. ಪತ್ರದಲ್ಲಿಲ್ಲದ ಹೊಸ ಕಾರಣವನ್ನು ಗ್ರಾಹಕರ ಆಯೋಗದ ಮುಂದೆ ಮೊದಲ ಬಾರಿಗೆ ಎತ್ತುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2016ರ ಗಲಾಡಾ ಪವರ್ ಮತ್ತು 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣಗಳಲ್ಲಿ ಹೇಳಿದೆ. ಆದ್ದರಿಂದಲೇ ಲಿಖಿತ ಪತ್ರ ನಮಗೂ ಒಂದು ಆಧಾರ.

'ಹಿಂದಿನ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ' ಎಂಬುದು ಕಾರಣವಾಗಿದ್ದರೆ ಪ್ರಪೋಸಲ್ ಫಾರಮ್ಮಿನ (ವಿಮೆ ಮಾಡಿಸುವಾಗ ತುಂಬಿದ ಅರ್ಜಿಯ) ನಕಲನ್ನು ತರಿಸಿಕೊಳ್ಳಿ. ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವ, ಇಂಗ್ಲಿಷ್ ಓದಲಾರದ ವ್ಯಕ್ತಿಯ ಫಾರಮ್ಮನ್ನು ಬೇರೆಯವರು ತುಂಬಿದ್ದರೆ, ವಿಷಯವನ್ನು ಅವರ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಘೋಷಣೆಗೆ ತುಂಬಿದವರು ಸಹಿ ಹಾಕಿರಬೇಕು. ಆ ಜಾಗ ಖಾಲಿಯಿದೆಯೇ ಎಂದು ನೋಡಿ. ಜೀವ ವಿಮೆ ಅಥವಾ ಅದರ ರೈಡರ್ ಆಗಿದ್ದರೆ 1938ರ ವಿಮಾ ಕಾಯ್ದೆಯ 45ನೇ ಕಲಮಿನಂತೆ, ಪಾಲಿಸಿ ಆರಂಭವಾಗಿ, ಪುನರುಜ್ಜೀವನಗೊಂಡು ಅಥವಾ ರೈಡರ್ ಸೇರಿ, ಇವುಗಳಲ್ಲಿ ಕೊನೆಯದರಿಂದ ಮೂರು ವರ್ಷ ಕಳೆದ ಮೇಲೆ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ.

ವಿನಾಯಿತಿಯ ಷರತ್ತನ್ನು ಕಂಪನಿ ತೋರಿಸಿದ್ದರೆ, ಆ ಷರತ್ತಿರುವ ಪುಸ್ತಿಕೆ ನಿಮಗೆ ತಲುಪಿತ್ತೇ ಎಂಬುದು ಮುಖ್ಯವಾಗುತ್ತದೆ. ವಿಮೆದಾರರಿಗೆ ತಿಳಿಸದ ವಿನಾಯಿತಿಯನ್ನು ಅವರ ಮೇಲೆ ಹೇರಲಾಗದೆಂದು 2019ರ ಭಾರತ್ ವಾಚ್ ಕಂಪನಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ವಿನಾಯಿತಿ ಅನ್ವಯಿಸುತ್ತದೆ ಎಂದು ರುಜುವಾತುಪಡಿಸುವ ಹೊಣೆಯೂ ಕಂಪನಿಯದೇ. ತಡವಾಗಿ ತಿಳಿಸಿದಿರಿ ಎಂಬ ಕಾರಣಕ್ಕೆ, ಐಸಿಯುನಲ್ಲಿದ್ದ ದಿನಗಳ ದಾಖಲೆಯೊಂದಿಗೆ ವಿಳಂಬವನ್ನು ವಿವರಿಸಿ. ಸಕಾರಣವಾದ ವಿಳಂಬಕ್ಕೆ ಯಾಂತ್ರಿಕವಾಗಿ ಕ್ಲೇಮು ನಿರಾಕರಿಸಬಾರದೆಂದು 2017ರ ಓಂ ಪ್ರಕಾಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಲ್ಕನೆಯ ಹೆಜ್ಜೆ: ಆಸ್ಪತ್ರೆಯ ಕಾಗದಗಳು

ಡಿಸ್ಚಾರ್ಜ್ ಸಮರಿಯೊಂದನ್ನೇ ನಂಬಿ ಕೂರಬೇಡಿ. ಪೂರ್ಣ ಕೇಸ್ ಶೀಟಿನ ದೃಢೀಕೃತ ಪ್ರತಿಗೆ ಲಿಖಿತ ಅರ್ಜಿ ಕೊಡಿ. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮಾವಳಿ ಹೇಳುತ್ತದೆ. ಕೇಸ್ ಶೀಟ್ ಬಂದ ಕೂಡಲೇ ಕ್ಯಾಶುವಾಲ್ಟಿಯಲ್ಲಿ ಬರೆದ ಮೊದಲ ಸಾಲನ್ನು ಓದಿ. 'ಮರದಿಂದ ಜಾರಿ ಬಿದ್ದದ್ದು' ಎಂದು ಬರೆದಿದ್ದರೆ ಅದು ಅಪಘಾತ. 'ತಲೆ ಸುತ್ತಿ ಬಿದ್ದದ್ದು' ಎಂದಿದ್ದರೆ, ಕಾಯಿಲೆಯಿಂದಾದದ್ದು, ಅಪಘಾತವಲ್ಲ ಎಂದು ಕಂಪನಿ ವಾದಿಸುತ್ತದೆ. ಗಾಬರಿಯಲ್ಲಿ ಜೊತೆಗೆ ಬಂದ ನೆರೆಯವರು ಹೇಳಿದ ಒಂದು ಮಾತು ಹೀಗೆ ಹಲವು ಲಕ್ಷಗಳ ಪ್ರಶ್ನೆಯಾಗಿಬಿಡುತ್ತದೆ. ದಾಖಲಾದದ್ದನ್ನು ತಿದ್ದಿಸಲು ಎಂದಿಗೂ ಹೋಗಬಾರದು. ಅದರ ಬದಲು ಬಿದ್ದದ್ದನ್ನು ಕಣ್ಣಾರೆ ಕಂಡವರಿಂದ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ. 108 ಆಂಬುಲೆನ್ಸ್‌ನ ದಾಖಲೆ, ಮೆಡಿಕೋ ಲೀಗಲ್ ವಹಿಯ ನಕಲು ಮತ್ತು ಪೊಲೀಸ್ ಠಾಣೆಗೆ ಹೋದ ಮಾಹಿತಿಯ ಪ್ರತಿಯನ್ನು ಜೋಡಿಸಿ.

ಅಂಗವೈಕಲ್ಯದ ಸರಕಾರಿ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿಗೆ) ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಹತ್ತಿರದವು. ಪ್ರಮಾಣಪತ್ರದಲ್ಲಿ 'ತಾತ್ಕಾಲಿಕ' ಎಂದಿದೆಯೋ 'ಶಾಶ್ವತ' ಎಂದಿದೆಯೋ ಎಂಬುದನ್ನು ಅಲ್ಲೇ ನೋಡಿಕೊಳ್ಳಿ, ಏಕೆಂದರೆ ತಾತ್ಕಾಲಿಕ ಎಂಬ ಒಂದು ಪದವನ್ನೇ ಹಿಡಿದು ಕ್ಲೇಮು ನಿಲ್ಲಿಸಬಹುದು.

ಆದರೂ ನನ್ನ ಅಭಿಪ್ರಾಯದಲ್ಲಿ ಕ್ಲೇಮಿನ ಬೆನ್ನೆಲುಬು, ಚಿಕಿತ್ಸೆ ನೀಡಿದ ತಜ್ಞ ವೈದ್ಯರು ಬರೆದ ವಿವರವಾದ ಪತ್ರ. 'ಭಾರವಾದ ಕೆಲಸ ಮಾಡಬಾರದು' ಎಂಬ ಒಂದೇ ಸಾಲಿನ ಪತ್ರದಿಂದ ಹಾನಿಯೇ ಹೆಚ್ಚು, ಏಕೆಂದರೆ ಹಗುರವಾದ ಕೆಲಸ ಮಾಡಬಹುದೆಂಬ ಅರ್ಥ ಅದರಿಂದ ಹೊರಡುತ್ತದೆ. ಪಾಲಿಸಿಯ ವ್ಯಾಖ್ಯೆಯ ಪ್ರತಿಯನ್ನು ವೈದ್ಯರ ಕೈಗೆ ಕೊಟ್ಟು, ಅವರು ಪ್ರಾಮಾಣಿಕವಾಗಿ ಉತ್ತರಿಸಬಲ್ಲ ಪ್ರಶ್ನೆಗಳನ್ನು ಕೇಳಿ: ಗಾಯಕ್ಕೂ ಅಪಘಾತಕ್ಕೂ ನೇರ ಸಂಬಂಧವಿದೆಯೇ, ಇನ್ನು ಸುಧಾರಣೆಯ ಸಾಧ್ಯತೆ ಉಳಿದಿದೆಯೇ, ಎಷ್ಟು ನಿಮಿಷ ಕೂರಬಲ್ಲರು, ಎಷ್ಟು ಹೊತ್ತು ನಿಲ್ಲಬಲ್ಲರು, ಮೂತ್ರದ ಹಿಡಿತವಿದೆಯೇ, ಬೇರೆಯವರ ನೆರವಿಲ್ಲದೆ ಬಸ್ಸು ಹತ್ತಬಲ್ಲರೇ. ನಮ್ಮ ಉದಾಹರಣೆಯವರು ಅರ್ಧ ಗಂಟೆಗಿಂತ ಹೆಚ್ಚು ಕೂರಲಾರರು ಎಂಬ ಒಂದು ಮಾತು, ಶೇಕಡಾ 60 ಎಂಬ ಅಂಕಿಗಿಂತ ಪಾಲಿಸಿಯ ಪ್ರಶ್ನೆಗೆ ಹೆಚ್ಚು ಹತ್ತಿರದ ಉತ್ತರ. ಇದರ ಜೊತೆಗೆ ಮನೆಯವರು ಒಂದು ನೋಟ್ ಪುಸ್ತಕದಲ್ಲಿ ದಿನದ ನೋವು, ಔಷಧಿ, ಫಿಸಿಯೋಥೆರಪಿ ಮತ್ತು ಯಾವುದಕ್ಕೆಲ್ಲ ಸಹಾಯ ಬೇಕಾಯಿತು ಎಂಬುದನ್ನು ದಿನಾಂಕ ಹಾಕಿ ಬರೆದಿಡಬೇಕು.

ಕಂಪನಿ ಸಾರ್ವಜನಿಕ ವಲಯದ್ದಾಗಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಿಂದ ತನಿಖಾಧಿಕಾರಿಯ ವರದಿಯನ್ನೂ ಕಡತದ ಟಿಪ್ಪಣಿಗಳನ್ನೂ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ.

ಐದನೆಯ ಹೆಜ್ಜೆ: ಕಂಪನಿಗೆ ಮರುಪರಿಶೀಲನಾ ಮನವಿ

ಈ ಮನವಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ, ರಿಜಿಸ್ಟರ್ಡ್ ಅಂಚೆ ಮತ್ತು ಇ-ಮೇಲ್ ಎರಡರಲ್ಲೂ ಹೋಗಬೇಕು. ಎರಡು ಪುಟ ಮೀರಬೇಕಾಗಿಲ್ಲ. 'ನಿಮ್ಮ ಪತ್ರದಲ್ಲಿ ಶೇಕಡಾ 60 ವೈಕಲ್ಯವೆಂಬ ಕಾರಣ ನೀಡಲಾಗಿದೆ. ಪಾಲಿಸಿಯ ವ್ಯಾಖ್ಯೆಯಲ್ಲಿ ಶೇಕಡಾವಾರಿನ ಷರತ್ತಿಲ್ಲ. ಲಗತ್ತಿಸಿದ ತಜ್ಞರ ಪತ್ರದಂತೆ ವಿಮೆದಾರರು ಯಾವುದೇ ಉದ್ಯೋಗ ಮಾಡಲು ಶಾಶ್ವತವಾಗಿ ಅಸಮರ್ಥರಾಗಿದ್ದಾರೆ. ಆದ್ದರಿಂದ ಪೂರ್ಣ ಮೊತ್ತವನ್ನು, ತಪ್ಪಿದಲ್ಲಿ ಕೋಷ್ಟಕದಂತೆ ಭಾಗಶಃ ಮೊತ್ತವನ್ನು ಪಾವತಿಸಬೇಕು' ಎಂಬ ಧಾಟಿಯಲ್ಲಿ ಬರೆದರೆ ಸಾಕು. ಇದೇ ದೂರನ್ನು ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ದಾಖಲಿಸಿ ಟೋಕನ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ. ಕಂಪನಿಯಿಂದ ಉತ್ತರ ಹೊರಡಿಸಲು ಅದು ನೆರವಾಗುತ್ತದೆ.

ಆರನೆಯ ಹೆಜ್ಜೆ: ಯಾವ ಬಾಗಿಲು ತಟ್ಟಬೇಕು

ಕಂಪನಿ ಮನವಿಯನ್ನು ತಿರಸ್ಕರಿಸಿದರೆ ಅಥವಾ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್ಮನ್) ದೂರು ಕೊಡಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ. ಆದ್ದರಿಂದ ಬೆನ್ನು ಮುರಿದವರು ಶಿರಾಡಿ ಘಾಟಿ ಹತ್ತಿ ಹೋಗಲೇಬೇಕೆಂದಿಲ್ಲ. ಶುಲ್ಕವಿಲ್ಲ, ವಕೀಲರಿಗೆ ಅವಕಾಶವೂ ಇಲ್ಲ. 50 ಲಕ್ಷ ರೂಪಾಯಿವರೆಗೆ ಆದೇಶ ನೀಡುವ ಅಧಿಕಾರವಿದ್ದು, ಆದೇಶ ಬಂದ 30 ದಿನಗಳೊಳಗೆ ಕಂಪನಿ ಪಾಲಿಸಬೇಕು. ಲೋಕಪಾಲರ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರರನ್ನಲ್ಲ. ದಾಖಲೆಗಳು ಸ್ಪಷ್ಟವಾಗಿದ್ದರೆ ಮೊದಲು ಇಲ್ಲಿಗೇ ಹೋಗುವುದು ಒಳ್ಳೆಯದೆಂದು ನಾನು ಭಾವಿಸುವುದು ಈ ಕಾರಣಕ್ಕೆ. ಅದೇ ವಿಷಯ ನ್ಯಾಯಾಲಯದಲ್ಲೋ ಗ್ರಾಹಕರ ಆಯೋಗದಲ್ಲೋ ಇದ್ದರೆ ಮಾತ್ರ ಲೋಕಪಾಲರು ದೂರನ್ನು ಸ್ವೀಕರಿಸುವುದಿಲ್ಲ.

ವೈದ್ಯಕೀಯ ವಿಷಯದಲ್ಲಿ ತೀವ್ರ ಭಿನ್ನಾಭಿಪ್ರಾಯವಿದ್ದು ತಜ್ಞರ ಸಾಕ್ಷ್ಯ ಬೇಕಾದರೆ, ಅಥವಾ ಬಡ್ಡಿ, ಮಾನಸಿಕ ಯಾತನೆಯ ಪರಿಹಾರ, ವ್ಯಾಜ್ಯದ ಖರ್ಚು ಎಲ್ಲವನ್ನೂ ಕೇಳಬೇಕಾದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವೇ ಸೂಕ್ತ. 2019ರ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಪ್ರಧಾನ ಕಚೇರಿ ಮುಂಬೈಯಲ್ಲಿದ್ದರೂ ಕಾರ್ಕಳದವರು ಉಡುಪಿಯ ಆಯೋಗಕ್ಕೆ ಹೋದರೆ ಸಾಕು. ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ಕಟ್ಟಿದ ಪ್ರೀಮಿಯಂ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಜಿಲ್ಲಾ ಆಯೋಗದ ಮಿತಿ 50 ಲಕ್ಷವಾಗಿದ್ದು, ಪ್ರೀಮಿಯಂ 5 ಲಕ್ಷ ಮೀರದಿದ್ದರೆ ಶುಲ್ಕವೇ ಇಲ್ಲ. ದೂರನ್ನು ಇ-ಜಾಗೃತಿ ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಕಂಪನಿಯ ಸ್ಥಳೀಯ ಶಾಖೆ ಹಾಗೂ ಪ್ರಧಾನ ಕಚೇರಿ ಎರಡನ್ನೂ ಎದುರುದಾರರನ್ನಾಗಿಸಿ. ಖಾತೆಯಿಂದ ಹಣ ಕಡಿತವಾಗಿಯೂ ಪಾಲಿಸಿಯಾಗಿಲ್ಲ ಎಂಬ ವಿವಾದವಿದ್ದರೆ ಬ್ಯಾಂಕನ್ನೂ ಸೇರಿಸಿ. ನೋಟಿಸ್ ತಲುಪಿದ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ, ಕಂಪನಿ ಉತ್ತರ ಸಲ್ಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ಇಲ್ಲಿ ಕಾಲಮಿತಿ ಎರಡು ವರ್ಷ. ನೆನಪೋಲೆ ಬರೆಯುತ್ತ ಹೋದರೆ ಅದು ಮುಂದಕ್ಕೆ ಹೋಗುವುದಿಲ್ಲ. ಲೋಕಪಾಲರ ಬಳಿ ಹೋದವರೂ ಮೊದಲ ತಿರಸ್ಕಾರ ಪತ್ರದಿಂದಲೇ ಎರಡು ವರ್ಷ ಎಣಿಸಿಕೊಂಡಿದ್ದರೆ ಕ್ಷೇಮ.

ಮೂರನೆಯ ದಾರಿ ಮಂಗಳೂರಿನ ಖಾಯಂ ಜನತಾ ನ್ಯಾಯಾಲಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ವಿಮೆಯನ್ನು ಸಾರ್ವಜನಿಕ ಉಪಯುಕ್ತ ಸೇವೆ ಎಂದು ಸೇರಿಸಿರುವುದರಿಂದ, ನ್ಯಾಯಾಲಯಕ್ಕೆ ಹೋಗದ ವಿವಾದವನ್ನು ಅಲ್ಲಿಗೆ ಒಯ್ಯಬಹುದು. ಮೊದಲು ರಾಜಿಗೆ ಯತ್ನ, ಆಗದಿದ್ದರೆ ಅಲ್ಲೇ ತೀರ್ಪು. ಆ ತೀರ್ಪಿಗೆ ಮೇಲ್ಮನವಿ ಇಲ್ಲ ಎಂಬುದನ್ನು ತಿಳಿದೇ ಹೋಗಬೇಕು.

ವಕೀಲರ ಶುಲ್ಕದ ಚಿಂತೆಯಿಂದ ಹಿಂದೆ ಸರಿಯಬೇಡಿ. ಅದೇ ಕಾಯ್ದೆಯ 12ನೇ ಕಲಮಿನಂತೆ ಅಂಗವಿಕಲರಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಮಂಗಳೂರು ಮತ್ತು ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ 15100 ಸಹಾಯವಾಣಿಯಲ್ಲಿ ವಿಚಾರಿಸಿ.

ಕಂಪನಿ ನಡುವೆ ಹಣ ಕೊಡಲು ಬಂದರೆ, ಮತ್ತು ಆದೇಶದ ಮೇಲೆ

ವ್ಯಾಜ್ಯದ ಮಧ್ಯೆ ಕಂಪನಿ ಸ್ವಲ್ಪ ಮೊತ್ತ ಕೊಡುವುದಾಗಿ ಹೇಳಿ 'ಪೂರ್ಣ ಹಾಗೂ ಅಂತಿಮ ತೀರುವಳಿ' ಎಂಬ ವೋಚರಿಗೆ ಸಹಿ ಕೇಳಬಹುದು. ಮನೆಯಲ್ಲಿ ಅಕ್ಕಿಗೂ ಔಷಧಿಗೂ ಹಣವಿಲ್ಲದಾಗ ಸಹಿ ಮಾಡಬೇಡಿ ಎನ್ನುವುದು ಸುಲಭದ ಮಾತಲ್ಲ. ಸಹಿ ಮಾಡುವುದಾದರೆ, ಉಳಿದ ಮೊತ್ತದ ಹಕ್ಕನ್ನು ಕಾಯ್ದಿರಿಸಿಕೊಂಡು ಸ್ವೀಕರಿಸುತ್ತಿದ್ದೇನೆ ಎಂದು ಅದರ ಮೇಲೆಯೇ ಬರೆದು, ಅದೇ ಮಾತನ್ನು ಅಂದೇ ಇ-ಮೇಲ್ ಮಾಡಿ. ವೋಚರಿಗೆ ಸಹಿ ಪಡೆದ ಮಾತ್ರಕ್ಕೆ ವಿಮೆದಾರರ ಹಕ್ಕು ಮುಗಿಯುವುದಿಲ್ಲವೆಂದು ವಿಮಾ ಪ್ರಾಧಿಕಾರ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ಒತ್ತಡದಲ್ಲಿ ಸಹಿ ಮಾಡಿದ್ದೆಂದು ವರ್ಷಗಳ ನಂತರ ತೋರಿಸುವುದು ಕಷ್ಟ.

ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಕಂಪನಿ ಮೇಲ್ಮನವಿ ಸಲ್ಲಿಸಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು. ಆದೇಶವಾಗಿಯೂ ಹಣ ಬಾರದಿದ್ದರೆ ಕಾಯ್ದೆಯ 71 ಮತ್ತು 72ನೇ ಕಲಮುಗಳಡಿ ಅಮಲ್ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗಿನ ಸೆರೆವಾಸ ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಲು 72ನೇ ಕಲಮಿನಲ್ಲಿ ಅವಕಾಶವಿದೆ.

ಹಾಸಿಗೆ ಹಿಡಿದವರ ಪ್ರಕರಣಗಳಲ್ಲಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ತೀರ್ಪು ಬರುವ ಮೊದಲೇ ವಿಮೆದಾರರು ತೀರಿಕೊಂಡರೆ ದೂರು ಅಲ್ಲಿಗೆ ಮುಗಿಯಿತೆಂದು ಕಡತ ಕಟ್ಟಿಡಬೇಡಿ. ಹೆಂಡತಿ ಮಕ್ಕಳು ವಾರಸುದಾರರಾಗಿ ಪ್ರಕರಣವನ್ನು ಮುಂದುವರಿಸಬಹುದು. ಅದಕ್ಕೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ, ಸಾವಿನ ದಿನದಿಂದ 90 ದಿನಗಳೊಳಗೆ ಆಯೋಗದ ಮುಂದೆ ಅರ್ಜಿ ಸಲ್ಲಿಸಬೇಕು.